ಮನೆ ಕಂಪ್ಯೂಟರ್ ಹ್ಯಾಂಗ್ ಆದ್ರೆ: ಪವರ್ ಬಟನ್ ಒತ್ತೋಕೆ ಮುಂಚೆ, ಫಾರ್ಮ್ಯಾಟ್ ಹೊಡ್ಸೋಕೆ ಮುಂಚೆ

ಎರಡು ವರ್ಷದ ಹಿಂದೆ ಚಿಕ್ಕಮ್ಮ ಫೋನ್ ಮಾಡಿ "ಏನೋ ಇದು, ಸಿಸ್ಟಮ್ ಹ್ಯಾಂಗ್ ಆಗಿ ಕೂತಿದೆ, ಮೌಸೇ ಅಲ್ಲಾಡ್ತಿಲ್ಲ ಕಣೋ" ಅಂದ್ರು. ನಾನು ಊರಲ್ಲಿರ್ಲಿಲ್ಲ, ಆಫ್ ಮಾಡಿ ಆನ್ ಮಾಡಿ ಚಿಕ್ಕಮ್ಮ ಅಂದೆ, ಮಾಡಿದ್ರು, ಸರಿ ಹೋಯ್ತು. ಎರಡು ದಿನ ಬಿಟ್ಟು ಮತ್ತೆ ಹ್ಯಾಂಗ್. ಆಮೇಲೆ ದಿನಾ. ಕೊನೆಗೆ ಅವರು ಬೇಜಾರಾಗಿ ಅಂಗಡಿಗೆ ತಗೊಂಡು ಹೋದ್ರು, ಅಲ್ಲಿ ಫಾರ್ಮ್ಯಾಟ್ ಹೊಡೆದು, ಅಂದ್ರೆ ಡಿಸ್ಕಲ್ಲಿದ್ದದ್ದೆಲ್ಲ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ ಕೊಟ್ರು, ಡಿ ಡ್ರೈವಲ್ಲಿ ತಾತನ ಕೊನೇ ವರ್ಷದ ಫೋಟೋಗಳಿದ್ವು ಅಂತ ಅಂಗಡಿಯವರು ಕೇಳ್ಲಿಲ್ಲ, ಚಿಕ್ಕಮ್ಮಂಗೆ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಒಂದೇ ವಾರಕ್ಕೆ ಮತ್ತೆ ಹ್ಯಾಂಗ್ ಆಗೋಕೆ ಶುರು. ತೊಂದರೆ ವಿಂಡೋಸಲ್ಲಿ ಇರ್ಲೇ ಇಲ್ಲ, ಹಾರ್ಡ್ ಡಿಸ್ಕಲ್ಲಿತ್ತು.

ಅವತ್ತಿಂದ ಯಾರೇ ಹ್ಯಾಂಗ್ ಅಂತ ಫೋನ್ ಮಾಡಿದ್ರೂ ನಾನು ಒಂದು ಕ್ರಮದಲ್ಲೇ ಹೇಳ್ಕೊಂಡು ಹೋಗ್ತೀನಿ, ಅದನ್ನೇ ಇಲ್ಲಿ ಬರೀತಿದೀನಿ. ಹ್ಯಾಂಗ್ ಆಗೋದು ಜ್ವರ ಬಂದ ಹಾಗೆ, ಯಾಕ್ ಬಂತು ಅಂತ ನೋಡ್ದೆ ಮಾತ್ರೆ ನುಂಗಿದ್ರೆ ಇವತ್ತು ಇಳಿಯುತ್ತೆ, ನಾಡಿದ್ದು ಮತ್ತೆ ಏರುತ್ತೆ. ವಿಂಡೋಸ್ 10 ಮತ್ತು 11 ಇಟ್ಕೊಂಡೇ ಬರ್ದಿದೀನಿ, ನಮ್ಮ ಮನೆಗಳಲ್ಲಿ ಇರೋದು ಬಹುತೇಕ ಅದೇ. ಮ್ಯಾಕ್, ಲಿನಕ್ಸ್‌ಗೆ ಮಧ್ಯದಲ್ಲಿ ಎರಡು ಮಾತು ಇದೆ.

ಮೊದಲು ಕೈ ತೆಗೀರಿ

ಸ್ಕ್ರೀನ್ ನಿಂತ ತಕ್ಷಣ ನಾವೆಲ್ಲ ಮಾಡೋ ಕೆಲಸ ಅಂದ್ರೆ ಮೌಸ್ ಟಕಟಕ ಒತ್ತೋದು. ಒತ್ತಬೇಡಿ. ನೀವು ಒತ್ತಿದ ಒಂದೊಂದು ಕ್ಲಿಕ್ಕೂ ಸಾಲಲ್ಲಿ ನಿಂತಿರುತ್ತೆ, ಕಂಪ್ಯೂಟರ್ ಸ್ವಲ್ಪ ಉಸಿರು ಬಿಟ್ಟ ತಕ್ಷಣ ಆ ಇಪ್ಪತ್ತು ಕ್ಲಿಕ್ಕೂ ಒಟ್ಟಿಗೆ ಅದರ ಮೇಲೆ ಬೀಳುತ್ತೆ, ಬೇಡದ್ದು ಏನೋ ಡಿಲೀಟ್ ಆದ್ರೂ ಆಗ್ಬಹುದು. ಒಂದು ಪ್ರೋಗ್ರಾಂ ಸುಮಾರು 5 ಸೆಕೆಂಡ್ ಉತ್ತರ ಕೊಡ್ಲಿಲ್ಲ ಅಂದ್ರೆ ವಿಂಡೋಸ್ ಅದರ ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬರ್ದು ಬಿಳಿಚಿಸಿ ತೋರ್ಸುತ್ತೆ, ಅದು ಬಂತು ಅಂದ್ರೆ ಸತ್ತೋಯ್ತು ಅಂತ ಅರ್ಥ ಅಲ್ಲ, ಎಷ್ಟೋ ಸಲ ದೊಡ್ಡ ಫೈಲ್ ಓಪನ್ ಮಾಡ್ತಿರುತ್ತೆ ಅಷ್ಟೆ.

ಕ್ಯಾಬಿನೆಟ್ ಮುಂದೆ, ಅಂದ್ರೆ ನಾವು ಸಿಪಿಯು ಅಂತ ಕರೀತೀವಲ್ಲ ಆ ಡಬ್ಬದ ಮುಂದೆ, ಪವರ್ ಲೈಟ್ ಪಕ್ಕ ಇನ್ನೊಂದು ಪುಟ್ಟ ಲೈಟ್ ಇರುತ್ತೆ, ಅದು ಹಾರ್ಡ್ ಡಿಸ್ಕ್ ಲೈಟ್. ಅದು ಮಿಣುಕ್ತಾ ಇದ್ರೆ ಒಳಗೆ ಏನೋ ಓದೋದು ಬರೆಯೋದು ನಡೀತಿದೆ, ಐದು ಹತ್ತು ನಿಮಿಷ ಬಿಡಿ, ಕಾಫಿ ಮಾಡ್ಕೊಂಡು ಬನ್ನಿ. ಪೂರ್ತಿ ಆರಿ ಹೋಗಿದ್ರೆ ಅಥವಾ ಮಿಣುಕದೇ ಒಂದೇ ಸಮ ಉರೀತಾ ಹತ್ತು ನಿಮಿಷ ಆದ್ರೂ ಏನೂ ಬದಲಾಗ್ಲಿಲ್ಲ ಅಂದ್ರೆ ಮುಂದಿನ ಹೆಜ್ಜೆ.

ಕ್ಯಾಪ್ಸ್ ಲಾಕ್ ಒತ್ತಿ ನೋಡಿ

ಇಡೀ ಲೇಖನದಲ್ಲಿ ಒಂದೇ ನೆನಪಿಟ್ಕೊಳ್ತೀರ ಅಂದ್ರೆ ಇದನ್ನ ಇಟ್ಕೊಳ್ಳಿ. ಕೀಬೋರ್ಡಲ್ಲಿ ಕ್ಯಾಪ್ಸ್ ಲಾಕ್ ಅಥವಾ ನಮ್ ಲಾಕ್ ಒತ್ತಿ, ಲೈಟ್ ಹತ್ತಿ ಆರುತ್ತಾ ನೋಡಿ. ಹತ್ತಿ ಆರಿದ್ರೆ ಒಳಗೆ ವಿಂಡೋಸ್ ಇನ್ನೂ ಜೀವಂತ ಇದೆ, ಯಾವುದೋ ಒಂದು ಪ್ರೋಗ್ರಾಮೋ ಸ್ಕ್ರೀನಿನ ಡ್ರೈವರೋ (ಸ್ಕ್ರೀನನ್ನ ನಡೆಸೋ ಪುಟ್ಟ ಸಾಫ್ಟ್‌ವೇರ್) ಸಿಕ್ಕಾಕ್ಕೊಂಡಿದೆ, ನಿಮ್ಮ ಕೆಲಸ ಉಳಿಸೋಕೆ ಇನ್ನೂ ದಾರಿ ಇದೆ. ಲೈಟ್ ಅಲ್ಲಾಡ್ಲೇ ಇಲ್ಲ ಅಂದ್ರೆ ಇಡೀ ಸಿಸ್ಟಮ್ಮೇ ನಿಂತಿದೆ, ಆಗ ಎಷ್ಟು ಕಾದ್ರೂ ಬಹುಮಟ್ಟಿಗೆ ವಾಪಸ್ ಬರಲ್ಲ. ಸ್ಪೀಕರಲ್ಲಿ ಹಾಡಿನ ಒಂದೇ ತುಣುಕು ಗರ್‌ರ್‌ರ್ ಅಂತ ಎಳೀತಾ ಇದ್ರೂ ಅದೇ ಅರ್ಥ. ಕೆಲವು ಲ್ಯಾಪ್‌ಟಾಪಲ್ಲಿ, ವೈರ್‌ಲೆಸ್ ಕೀಬೋರ್ಡಲ್ಲಿ ಈ ಲೈಟೇ ಇರಲ್ಲ, ಅಂಥವರು ನೇರವಾಗಿ ಮುಂದೆ ಹೇಳೋ ಕೀಗಳನ್ನ ಒತ್ತಿ ನೋಡಿ.

ಇನ್ನೊಂದು, ಮೌಸ್ ಒಂದೇ ನಿಂತಿದ್ಯಾ ಅಂತ ನೋಡ್ಕೊಳ್ಳಿ. ವೈರ್‌ಲೆಸ್ ಮೌಸಿನ ಸೆಲ್ ಮುಗ್ದಿದ್ರೂ ಕಂಪ್ಯೂಟರ್ ಹ್ಯಾಂಗ್ ಆದ ಹಾಗೇ ಕಾಣುತ್ತೆ. ಗಡಿಯಾರದಲ್ಲಿ ನಿಮಿಷ ಬದಲಾಗ್ತಿದ್ಯಾ, ಯೂಟ್ಯೂಬ್ ಓಡ್ತಾನೇ ಇದ್ಯಾ ಅಂತ ನೋಡಿ, ಸೆಲ್ ಬದಲಾಯಿಸಿ, ವೈರ್ ಇರೋ ಮೌಸಾದ್ರೆ ಬಿಚ್ಚಿ ಕ್ಯಾಬಿನೆಟ್ ಹಿಂದಿನ ಯುಎಸ್‌ಬಿಗೆ ಹಾಕಿ ನೋಡಿ.

ಜೀವ ಇದೆ ಅಂತ ಗೊತ್ತಾದ್ರೆ

ಮೊದಲು ನಾಲ್ಕು ಕೀ ಒಟ್ಟಿಗೆ ಒತ್ತಿ: ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ. ಇದು ಸ್ಕ್ರೀನ್ ನೋಡ್ಕೊಳ್ಳೋ ಗ್ರಾಫಿಕ್ಸ್ ಡ್ರೈವರನ್ನ ಮತ್ತೆ ಶುರು ಮಾಡುತ್ತೆ, ಬೀಪ್ ಅಂತ ಸಣ್ಣ ಸದ್ದಾಗಿ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ವಾಪಸ್ ಬರುತ್ತೆ. ನೀವು ಓಪನ್ ಮಾಡಿಟ್ಟ ಫೈಲುಗಳಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಅದಕ್ಕೇ ಇದನ್ನ ಮೊದಲು ಹೇಳ್ತೀನಿ. ತುಂಬಾ ಜನಕ್ಕೆ ಈ ಶಾರ್ಟ್‌ಕಟ್ ಗೊತ್ತೇ ಇಲ್ಲ, ಸ್ಕ್ರೀನ್ ಹೋಯ್ತು ಅಂತ ಪವರ್ ಬಟನ್ ಒತ್ತಿ ಅರ್ಧ ಟೈಪ್ ಮಾಡಿದ್ದನ್ನ ಕಳ್ಕೊಂಡಿರ್ತಾರೆ.

ಅದಕ್ಕೆ ಬಗ್ಗಲಿಲ್ಲ ಅಂದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ. ಟಾಸ್ಕ್ ಮ್ಯಾನೇಜರ್ ಬರುತ್ತೆ, ನಿಧಾನಕ್ಕೆ ಬರುತ್ತೆ, ಒಂದೆರಡು ನಿಮಿಷ ಕೊಡಿ. ಬಂದ್ಮೇಲೆ ತಕ್ಷಣ ಎಂಡ್ ಟಾಸ್ಕ್ ಒತ್ತಬೇಡಿ, ಮೊದಲು ಮೇಲೆ ಇರೋ ಸಿಪಿಯು (ಇಲ್ಲಿ ಡಬ್ಬ ಅಲ್ಲ, ಒಳಗಿನ ಪ್ರೊಸೆಸರ್), ಮೆಮೊರಿ (ಅಂದ್ರೆ ರ‍್ಯಾಮ್), ಡಿಸ್ಕ್ ಮೂರು ಅಂಕಿ ನೋಡಿ, ಮೊಬೈಲಲ್ಲಿ ಒಂದು ಫೋಟೋ ತೆಗೀರಿ. ಈ ಫೋಟೋ ಮುಂದೆ ಕಾರಣ ಹುಡುಕುವಾಗ ಬೇಕಾಗುತ್ತೆ, ಹ್ಯಾಂಗ್ ಬಿಟ್ಮೇಲೆ ಆ ಅಂಕಿಗಳು ಯಾರ ನೆನಪಲ್ಲೂ ಇರಲ್ಲ. ಬೇರೆ ಪ್ರೋಗ್ರಾಂಗಳು ಮಾತು ಕೇಳ್ತಿದ್ರೆ ಅವುಗಳಲ್ಲಿ ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡ್ಕೊಳ್ಳಿ. ಆಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬಂದಿರೋದನ್ನ ಆರಿಸಿ ಎಂಡ್ ಟಾಸ್ಕ್ ಕೊಡಿ. ಕೆಳಗಿನ ಟಾಸ್ಕ್‌ಬಾರ್, ಸ್ಟಾರ್ಟ್ ಬಟನ್ ಮಾತ್ರ ನಿಂತಿದ್ರೆ ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ ಅದನ್ನ ಆರಿಸಿದ್ರೆ ರೀಸ್ಟಾರ್ಟ್ ಅಂತ ತೋರ್ಸುತ್ತೆ, ಅದನ್ನ ಒತ್ತಿ, ಟಾಸ್ಕ್‌ಬಾರ್ ಮಾಯವಾಗಿ ಮತ್ತೆ ಬರುತ್ತೆ.

ವರ್ಡ್ ಫೈಲ್ ಸೇವ್ ಮಾಡಿರ್ಲಿಲ್ಲ ಅಂತ ಗಾಬರಿ ಆಗ್ಬೇಡಿ. ವರ್ಡ್ ತಾನೇ 10 ನಿಮಿಷಕ್ಕೊಂದ್ಸಲ ಒಂದು ಕಾಪಿ ಇಟ್ಕೊಳ್ಳುತ್ತೆ, ಮತ್ತೆ ಓಪನ್ ಮಾಡಿದಾಗ ಎಡಗಡೆ ರಿಕವರಿ ಅಂತ ತೋರ್ಸುತ್ತೆ. ತೋರಿಸ್ಲಿಲ್ಲ ಅಂದ್ರೆ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್, ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್, ಈ ದಾರೀಲಿ ಹೋಗಿ ಹುಡುಕಿ. ಆ 10 ನಿಮಿಷವನ್ನ ಸೆಟ್ಟಿಂಗ್ಸಲ್ಲಿ 2 ನಿಮಿಷಕ್ಕೆ ಇಳಿಸ್ಬಹುದು, ಮಕ್ಕಳ ಪ್ರಾಜೆಕ್ಟ್ ಟೈಪ್ ಮಾಡೋ ಮನೆಗಳಲ್ಲಿ ಇವತ್ತೇ ಇಳಿಸಿ.

ಆಫ್ ಮಾಡ್ಲೇಬೇಕು ಅಂದ್ರೆ

ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ, ನೀಲಿ ಪರದೆ ಬಂದ್ರೆ ಬಲಗಡೆ ಕೆಳಗೆ ಪವರ್ ಚಿಹ್ನೆ ಇರುತ್ತೆ, ಅದರಲ್ಲಿ ರೀಸ್ಟಾರ್ಟ್ ಕೊಡಿ. ಅದೂ ಸುತ್ತುತ್ತಾನೇ ಇದ್ರೆ ಕಂಟ್ರೋಲ್ ಕೀ ಒತ್ತಿ ಹಿಡ್ಕೊಂಡು ಅದೇ ಪವರ್ ಚಿಹ್ನೆ ಮೇಲೆ ಕ್ಲಿಕ್ ಮಾಡಿ, ಎಮರ್ಜೆನ್ಸಿ ರೀಸ್ಟಾರ್ಟ್ ಅಂತ ಕೇಳುತ್ತೆ, ಓಕೆ ಅನ್ನಿ. ಸೇವ್ ಮಾಡದೇ ಇರೋದು ಹೋಗುತ್ತೆ, ಅದು ಗೊತ್ತಿರ್ಲಿ.

ಏನೂ ಬರ್ತಾನೇ ಇಲ್ಲ ಅಂದ್ರೆ ಆಗ ಪವರ್ ಬಟನ್. ಒತ್ತಿ ಬಿಡೋದಲ್ಲ, ಒತ್ತಿ ಹಿಡ್ಕೊಳ್ಳಿ, ಬಹುತೇಕ ಸಿಸ್ಟಮ್ 4 ಸೆಕೆಂಡಿಗೇ ಆರುತ್ತೆ, ಕೆಲವು ಲ್ಯಾಪ್‌ಟಾಪ್ 10 ಸೆಕೆಂಡ್ ತಗೊಳ್ಳುತ್ತೆ. ಒಂದೇ ಒಂದು ಕಡೆ ಮಾತ್ರ ಇದನ್ನ ಮಾಡ್ಬೇಡಿ: ಸ್ಕ್ರೀನ್ ಮೇಲೆ ಬಯಾಸ್ (ವಿಂಡೋಸಿಗೂ ಮುಂಚೆ ಮದರ್‌ಬೋರ್ಡನ್ನ ಎಬ್ಬಿಸೋ ಸಾಫ್ಟ್‌ವೇರ್) ಅಪ್‌ಡೇಟ್ ಆಗ್ತಿದೆ ಅಂತ ಇದ್ರೆ ಕೈ ಹಚ್ಚಲೇಬೇಡಿ, ಅದು ಅರ್ಧಕ್ಕೆ ನಿಂತ್ರೆ ಮದರ್‌ಬೋರ್ಡೇ ಏಳದೇ ಹೋಗ್ಬಹುದು. ವಿಂಡೋಸ್ ಅಪ್‌ಡೇಟ್ ಒಂದೇ ಪರ್ಸೆಂಟಲ್ಲಿ ನಿಂತಿದ್ರೂ ಹಳೇ ಹಾರ್ಡ್ ಡಿಸ್ಕ್ ಇರೋರು ಒಂದೆರಡು ಗಂಟೆ ಕಾಯಿರಿ, ಡಿಸ್ಕ್ ಲೈಟ್ ಮಿಣುಕ್ತಾ ಇರೋವರೆಗೂ ಅದು ಕೆಲಸ ಮಾಡ್ತಿದೆ.

ಆರಿದ್ಮೇಲೆ ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಹಾರ್ಡ್ ಡಿಸ್ಕ್ ಎಲ್ಲ ಬಿಚ್ಚಿ, ಕೀಬೋರ್ಡ್ ಮೌಸ್ ಮಾತ್ರ ಬಿಟ್ಟು, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಕೆಟ್ಟ ಪೆನ್‌ಡ್ರೈವ್ ಒಂದೇ ಸಾಕು ಕಂಪ್ಯೂಟರ್ ಆನ್ ಆಗುವಾಗ್ಲೇ ನಿಲ್ಲಿಸೋಕೆ.

ಮ್ಯಾಕ್ ಇರೋರು ಕಮಾಂಡ್, ಆಪ್ಷನ್, ಎಸ್ಕೇಪ್ ಒತ್ತಿದ್ರೆ ಫೋರ್ಸ್ ಕ್ವಿಟ್ ಪಟ್ಟಿ ಬರುತ್ತೆ. ಉಬುಂಟು, ಅಂದ್ರೆ ಲಿನಕ್ಸ್ ಇರೋರು ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಸ್ಕ್ರೀನಲ್ಲಿ ಲಾಗಿನ್ ಆಗಿ ಸಿಕ್ಕಾಕ್ಕೊಂಡಿರೋದನ್ನ ಕಿಲ್ ಮಾಡಿ, ಅದೂ ಬರ್ಲಿಲ್ಲ ಅಂದ್ರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡ್ಕೊಂಡು ಎಸ್, ಯು, ಬಿ ಒಂದೊಂದಾಗಿ ಸ್ವಲ್ಪ ಬಿಟ್ಟು ಬಿಟ್ಟು ಒತ್ತಿ, ಡಿಸ್ಕಿಗೆ ಬರೆಯೋದನ್ನ ಬರ್ದು ಮುಗ್ಸಿ ರೀಸ್ಟಾರ್ಟ್ ಆಗುತ್ತೆ.

ಆನ್ ಆದ ತಕ್ಷಣ ಕಾಪಿ

ಇಲ್ಲೇ ಎಲ್ಲರೂ ಎಡವೋದು. ಆನ್ ಆಯ್ತಲ್ಲ ಅಂತ ಮತ್ತೆ ಕೆಲಸಕ್ಕೆ ಕೂತ್ಬಿಡ್ತೀವಿ. ಬೇಡ. ಒಂದು ವಾರದಲ್ಲಿ ಎರಡನೇ ಸಲ ಹ್ಯಾಂಗ್ ಆಯ್ತು ಅಂದ್ರೆ ಮಿಕ್ಕ ಎಲ್ಲಾ ಕೆಲಸ ಪಕ್ಕಕ್ಕಿಟ್ಟು ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡ್, ಪಹಣಿ ಸ್ಕ್ಯಾನು, ಆಧಾರ್, ಬ್ಯಾಂಕ್ ಪೇಪರ್ ಎಲ್ಲ ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ. ಗೂಗಲ್ ಅಕೌಂಟಿಗೆ 15 ಜಿಬಿ ಜಾಗ ಫ್ರೀ ಇರುತ್ತೆ, ದಾಖಲೆಗಳಿಗೆ ಅದು ಧಾರಾಳ ಸಾಕು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಈ ಮೂರು ಫೋಲ್ಡರ್ ಮರೀಬೇಡಿ, ಜನ ಡಿ ಡ್ರೈವ್ ಮಾತ್ರ ಕಾಪಿ ಮಾಡಿ ಡೆಸ್ಕ್‌ಟಾಪ್ ಮೇಲಿದ್ದನ್ನ ಬಿಟ್ಬಿಡ್ತಾರೆ. ಡಿ ಡ್ರೈವಲ್ಲಿ ಇಟ್ಟಿದೀನಲ್ಲ ಸೇಫ್ ಅಂತಾನೂ ಅನ್ಕೋಬೇಡಿ, ಒಂದೇ ಹಾರ್ಡ್ ಡಿಸ್ಕನ್ನ ಸಿ, ಡಿ ಅಂತ ಪಾಲು ಮಾಡಿರೋದಾದ್ರೆ ಆ ಡಿಸ್ಕ್ ಹೋದ ದಿನ ಎರಡೂ ಒಟ್ಟಿಗೆ ಹೋಗುತ್ತೆ.

ಮುಖ್ಯವಾದ ಚಿಕ್ಕ ಫೈಲುಗಳನ್ನ ಮೊದಲು ಕಾಪಿ ಮಾಡಿ, ಸಿನಿಮಾಗಳನ್ನ ಕೊನೆಗೆ. ಡಿಸ್ಕ್ ಸಾಯ್ತಾ ಇದ್ರೆ ಎಷ್ಟು ಹೊತ್ತು ನಡೆಯುತ್ತೋ ಹೇಳಕ್ಕಾಗಲ್ಲ.

ಯಾವಾಗ ಹ್ಯಾಂಗ್ ಆಗುತ್ತೆ, ಅದನ್ನ ಬರ್ದಿಡಿ

ಒಂದು ಹಳೇ ಡೈರಿ ತಗೊಂಡು ಕಂಪ್ಯೂಟರ್ ಪಕ್ಕ ಇಡಿ. ಹ್ಯಾಂಗ್ ಆದ ಟೈಮ್, ಆಗ ಏನ್ ಮಾಡ್ತಿದ್ರಿ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಫ್ಯಾನ್ ಸದ್ದು ಮಾಡ್ತಿತ್ತಾ, ಇಷ್ಟು ಬರ್ದ್ರೆ ಸಾಕು, ಮೂರ್ನಾಲ್ಕು ಸಲಕ್ಕೇ ಕಾರಣ ಕಾಣೋಕೆ ಶುರುವಾಗುತ್ತೆ. ಫೈಲ್, ಫೋಲ್ಡರ್ ಓಪನ್ ಮಾಡುವಾಗ ಅಥವಾ ಆನ್ ಆದ ಮೊದಲ ಹತ್ತು ನಿಮಿಷದಲ್ಲಿ ನಿಂತ್ರೆ ಡಿಸ್ಕ್ ಮೇಲೆ ಅನುಮಾನ. ಆನ್ ಮಾಡಿ ಅರ್ಧ ಗಂಟೆ ಚೆನ್ನಾಗಿ ನಡೆದು ಗೇಮ್ ಆಡುವಾಗ, ವಿಡಿಯೋ ನೋಡುವಾಗ ನಿಂತ್ರೆ ಬಿಸಿ. ಏನೂ ಮಾಡ್ದೆ ಸುಮ್ನಿದ್ದಾಗ್ಲೂ ಯಾವಾಗಂದ್ರೆ ಆವಾಗ ಕ್ಯಾಪ್ಸ್ ಲಾಕ್ ಕೂಡ ಅಲ್ಲಾಡದ ಹಾಗೆ ನಿಂತ್ರೆ ರ‍್ಯಾಮ್ ಅಥವಾ ಎಸ್‌ಎಂಪಿಎಸ್, ಅಂದ್ರೆ ಕ್ಯಾಬಿನೆಟ್ ಒಳಗೆ ಎಲ್ಲದಕ್ಕೂ ಕರೆಂಟ್ ಕೊಡೋ ಡಬ್ಬ. ಬ್ರೌಸರಲ್ಲಿ ಇಪ್ಪತ್ತು ಟ್ಯಾಬ್ ತೆಗ್ದಾಗ ಮಾತ್ರ ಅಂದ್ರೆ ರ‍್ಯಾಮ್ ಸಾಲ್ತಿಲ್ಲ. ಹೊಸದೇನೋ ಇನ್‌ಸ್ಟಾಲ್ ಮಾಡಿದ ದಿನದಿಂದ ಶುರುವಾಗಿದ್ರೆ ಆ ಹೊಸದೇ. ಬೋರ್‌ವೆಲ್ ಮೋಟಾರ್ ಆನ್ ಮಾಡಿದಾಗ ಅಂದ್ರೆ ವೋಲ್ಟೇಜ್.

ಕರೆಂಟ್ ಹೋದಾಗ ಇನ್ವರ್ಟರಲ್ಲಿ ಕಂಪ್ಯೂಟರ್ ಆರಿ ಮತ್ತೆ ಹತ್ತೋದು ಹ್ಯಾಂಗ್ ಅಲ್ಲ, ಅದು ಬೇರೆ, ಬಹಳಷ್ಟು ಇನ್ವರ್ಟರ್ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತೆ, ಅದನ್ನ ಆ ಕಡೆ ಹಾಕಿದ್ರೆ ಬದಲಾವಣೆ ಬೇಗ ಆಗಿ ಕಂಪ್ಯೂಟರ್ ಆರದೇ ಉಳಿಯುತ್ತೆ.

ವಿಂಡೋಸ್ ಕೂಡ ತನ್ನ ಡೈರಿ ಬರೀತಿರುತ್ತೆ. ಸ್ಟಾರ್ಟಲ್ಲಿ ರಿಲಯಬಿಲಿಟಿ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ವ್ಯೂ ರಿಲಯಬಿಲಿಟಿ ಹಿಸ್ಟರಿ ಸಿಗುತ್ತೆ, ದಿನದ ಲೆಕ್ಕದಲ್ಲಿ ಕೆಂಪು ಗುರುತು ಇರುತ್ತೆ, ಅದರ ಮೇಲೆ ಒತ್ತಿದ್ರೆ ಅವತ್ತು ಏನ್ ಕೈ ಕೊಡ್ತು ಅಂತ ತೋರ್ಸುತ್ತೆ. ಇನ್ನೂ ಆಳಕ್ಕೆ ಹೋಗೋರು ಈವೆಂಟ್ ವ್ಯೂವರ್ ತೆಗ್ದು ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಕರ್ನಲ್ ಪವರ್ 41 ಅಂತ ಕೆಂಪಾಗಿ ಕಂಡ ತಕ್ಷಣ ಕಾರಣ ಸಿಕ್ತು ಅನ್ಕೋಬೇಡಿ, ಸರಿಯಾಗಿ ಶಟ್‌ಡೌನ್ ಆಗ್ದೆ ಮತ್ತೆ ಆನ್ ಆಯ್ತು ಅಂತಷ್ಟೇ ಅದು ಹೇಳೋದು, ನೀವು ಪವರ್ ಬಟನ್ ಹಿಡಿದಿದ್ದಕ್ಕೇ ಅದು ಬಂದಿರುತ್ತೆ. ಅದಕ್ಕಿಂತ ಸ್ವಲ್ಪ ಮುಂಚಿನ ಟೈಮಿನ ಸಾಲುಗಳನ್ನ ಓದಿ. ಅಲ್ಲಿ ಡಿಸ್ಕ್ ಹೆಸರಲ್ಲಿ 7, 153, ಅಥವಾ ಸ್ಟೋರ್‌ಎಎಚ್‌ಸಿಐ ಹೆಸರಲ್ಲಿ 129 ಇದ್ರೆ ಹಾರ್ಡ್ ಡಿಸ್ಕೋ ಅದರ ಕೇಬಲ್ಲೋ ಕಾರಣ. ಡಿಸ್‌ಪ್ಲೇ ಹೆಸರಲ್ಲಿ 4101 ಇದ್ರೆ ಗ್ರಾಫಿಕ್ಸ್ ಡ್ರೈವರ್ ನಿಂತು ಮತ್ತೆ ಎದ್ದಿದೆ ಅಂತ.

ಹಾರ್ಡ್ ಡಿಸ್ಕ್, ನನ್ನ ಮೊದಲ ಅನುಮಾನ ಯಾವಾಗ್ಲೂ ಇದರ ಮೇಲೇ

ಐದಾರು ವರ್ಷ ಹಳೇ ಮನೆ ಕಂಪ್ಯೂಟರ್ ಅಂದ್ರೆ ನಾನು ನೋಡಿದ್ದರಲ್ಲಿ ಹೆಚ್ಚಿನವು ಡಿಸ್ಕಿನಿಂದಾನೇ ಹ್ಯಾಂಗ್ ಆಗ್ತಿದ್ದಿದ್ದು. ಹಳೇ ಹಾರ್ಡ್ ಡಿಸ್ಕ್ ಒಳಗೆ ನಿಜವಾಗ್ಲೂ ತಟ್ಟೆ ತಿರುಗುತ್ತೆ, ನಿಮಿಷಕ್ಕೆ 5400 ಅಥವಾ 7200 ಸುತ್ತು, ಅದರ ಮೇಲೆ ಒಂದು ಪುಟ್ಟ ಕಡ್ಡಿ ಆ ಕಡೆ ಈ ಕಡೆ ಓಡಾಡಿ ಓದುತ್ತೆ. 7200 ಸುತ್ತಿನ ಡಿಸ್ಕಲ್ಲಿ ಬೇಕಾದ ಜಾಗ ತಿರುಗಿ ಕಡ್ಡಿ ಕೆಳಗೆ ಬರೋಕೇ ಸರಾಸರಿ 4 ಮಿಲಿಸೆಕೆಂಡ್ ಚಿಲ್ಲರೆ ಬೇಕು, ಕಡ್ಡಿ ಓಡಾಡೋದು ಬೇರೆ. ಹಾಗಾಗಿ ಸಣ್ಣ ಸಣ್ಣ ಫೈಲ್ ಅಲ್ಲೊಂದು ಇಲ್ಲೊಂದು ಓದ್ಬೇಕು ಅಂದ್ರೆ ಸೆಕೆಂಡಿಗೆ ನೂರು ನೂರೈವತ್ತು ಸಲಕ್ಕಿಂತ ಹೆಚ್ಚು ಆಗಲ್ಲ. ತಟ್ಟೆ ಮೇಲೆ ಒಂದು ಜಾಗ ಕೆಟ್ಟಿದ್ರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದೋಕೆ ನೋಡ್ತಾ ಕೂತಿರುತ್ತೆ, ಅಷ್ಟು ಹೊತ್ತೂ ವಿಂಡೋಸ್ ಬಾಯಿ ಬಿಟ್ಕೊಂಡು ಕಾಯ್ತಿರುತ್ತೆ, ನಮಗೆ ಅದು ಹ್ಯಾಂಗ್ ಅಂತ ಕಾಣುತ್ತೆ.

ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್ ಒಳಗೆ ಡಿಸ್ಕ್ ನೋಡಿ. 100 ಪರ್ಸೆಂಟ್ ಅಂತ ತೋರಿಸ್ತಿದ್ದು ಓದೋ ವೇಗ ಮಾತ್ರ ಸೆಕೆಂಡಿಗೆ 1 ಎಂಬಿನೋ 2 ಎಂಬಿನೋ ಇದ್ದು, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಇದ್ರೆ ಡಿಸ್ಕ್ ಕಷ್ಟ ಪಡ್ತಿದೆ. ಇದನ್ನ ಖಚಿತ ಮಾಡ್ಕೊಳ್ಳೋಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹಾಕಿ. ನೀಲಿ ಗುಡ್, ಹಳದಿ ಕಾಷನ್, ಕೆಂಪು ಬ್ಯಾಡ್. ಪಟ್ಟಿಯಲ್ಲಿ 05, ಸಿ5, ಸಿ6 ಈ ಮೂರು ಸಾಲಿನ ಕೊನೇ ಅಂಕಿ ಪೂರ್ತಿ ಸೊನ್ನೆ ಇರ್ಬೇಕು. 05 ಅಂದ್ರೆ ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಎಷ್ಟು ಸಲ ಸ್ಥಳ ಬದಲಾಯಿಸಿದೆ ಅಂತ, ಸಿ5 ಅಂದ್ರೆ ಓದೋಕಾಗದೇ ಅನುಮಾನದಲ್ಲಿ ಇಟ್ಟಿರೋ ಜಾಗ ಎಷ್ಟು ಅಂತ, ಸಿ6 ಅಂದ್ರೆ ಸರಿ ಮಾಡೋಕೇ ಆಗದ್ದು. ಸಿ5 ವಾರ ವಾರಕ್ಕೆ ಏರ್ತಿದ್ರೆ ಆ ಡಿಸ್ಕನ್ನ ನಂಬಬೇಡಿ. ಸಿ7, ಅಂದ್ರೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ, ಅದು ಮಾತ್ರ ಏರ್ತಿದ್ದು ಮಿಕ್ಕಿದ್ದು ಸೊನ್ನೆ ಇದ್ರೆ ಖುಷಿ ಪಡಿ, ಬಹುತೇಕ ಕೇಬಲ್ ಕಾರಣ, ಡಿಸ್ಕನ್ನ ಮದರ್‌ಬೋರ್ಡಿಗೆ ಸೇರಿಸೋ ಸಾಟಾ ಕೇಬಲ್ ಬದಲಾಯಿಸಿದ್ರೆ ಆಯ್ತು. ಒಳಗಿಂದ ಟಿಕ್ ಟಿಕ್ ಅಂತ ಲಯವಾಗಿ ಸದ್ದು ಬರ್ತಿದ್ರೆ ಸಾಫ್ಟ್‌ವೇರ್ ಹಾಕೋಕೂ ಕೂರಬೇಡಿ, ಕಾಪಿ ಆಗಿಲ್ಲ ಅಂದ್ರೆ ಆಫ್ ಮಾಡಿ ಡೇಟಾ ರಿಕವರಿ ಮಾಡೋರ ಹತ್ರ ತಗೊಂಡು ಹೋಗಿ.

ಡಿಸ್ಕ್ ನೀಲಿ ಇದ್ರೆ, ಕಾಪಿನೂ ಆಗಿದ್ರೆ, ಆಗ ರಿಪೇರಿ ಕಮಾಂಡು. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ಅಡ್ಮಿನ್ ಅಥವಾ ಪವರ್‌ಶೆಲ್ ಅಡ್ಮಿನ್ ತೆಗೀರಿ. ಫೋನಲ್ಲಿ ಹೇಳೋ ಹಾಗೇ ಹೇಳ್ತೀನಿ, ಇಂಗ್ಲಿಷಲ್ಲಿ ಟೈಪ್ ಮಾಡ್ಕೊಳ್ಳಿ: ಸಿ ಎಚ್ ಕೆ ಡಿ ಎಸ್ ಕೆ, ಒಂದು ಸ್ಪೇಸ್, ಸಿ ಕೋಲನ್, ಒಂದು ಸ್ಪೇಸ್, ಸ್ಲ್ಯಾಶ್ ಎಫ್, ಎಂಟರ್. ಮುಂದಿನ ಸಲ ಆನ್ ಆದಾಗ ಮಾಡ್ಲಾ ಅಂತ ಕೇಳುತ್ತೆ, ವೈ ಒತ್ತಿ ರೀಸ್ಟಾರ್ಟ್ ಮಾಡಿ. ಎಫ್ ಬದಲು ಆರ್ ಹಾಕಿದ್ರೆ ಇಡೀ ಡಿಸ್ಕನ್ನ ಇಂಚಿಂಚು ಓದುತ್ತೆ, ದೊಡ್ಡ ಡಿಸ್ಕಿಗೆ ರಾತ್ರಿ ಪೂರ್ತಿ ಬೇಕು. ಸಾಯ್ತಿರೋ ಡಿಸ್ಕ್ ಮೇಲೆ ಕಾಪಿ ಮಾಡ್ಕೊಳ್ಳದೇ ಅದನ್ನ ಓಡಿಸ್ಬೇಡಿ, ಉಳಿದಿರೋ ಜೀವಾನೂ ಆ ಓದೋದ್ರಲ್ಲೇ ಹೋಗ್ಬಹುದು.

ಆಮೇಲೆ ವಿಂಡೋಸ್ ಫೈಲುಗಳ ಸರದಿ. ಡಿ ಐ ಎಸ್ ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್, ಎಂಟರ್. ಇಂಟರ್ನೆಟ್ ಇರ್ಬೇಕು, ಮಧ್ಯದಲ್ಲಿ ನಿಂತ ಹಾಗೆ ಕಾಣುತ್ತೆ, ಬಿಡಿ. ಅದು ಮುಗಿದ್ಮೇಲೆ ಎಸ್ ಎಫ್ ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಕೆಟ್ಟಿರೋ ವಿಂಡೋಸ್ ಫೈಲ್ ಇದ್ರೆ ಸರಿ ಮಾಡ್ಕೊಳ್ಳುತ್ತೆ.

ಡಿಸ್ಕ್ ಹೋಗಿದೆ ಅಂತಾದ್ರೆ ಮತ್ತೆ ತಿರುಗೋ ಡಿಸ್ಕ್ ಹಾಕಿಸ್ಬೇಡಿ, ಚಿಪ್‌ಗಳಲ್ಲೇ ಡೇಟಾ ಇಡೋ ಎಸ್‌ಎಸ್‌ಡಿ ಹಾಕ್ಸಿ. ಅದರಲ್ಲಿ ತಿರುಗೋ ತಟ್ಟೆನೂ ಇಲ್ಲ, ಕಡ್ಡಿನೂ ಇಲ್ಲ. ಡಿಸ್ಕ್ ಚೆನ್ನಾಗಿದ್ದು ಬರೀ ನಿಧಾನ ಇರೋ ಹಳೇ ಸಿಸ್ಟಮ್‌ಗೂ ಒಂದೇ ಖರ್ಚು ಮಾಡ್ಬೇಕು ಅಂದ್ರೆ ನಾನು ಹೇಳೋದು ಇದೇ. ಎಸ್‌ಎಸ್‌ಡಿನ ಬಾಯಿವರೆಗೂ ತುಂಬಬೇಡಿ, ಹತ್ತು ಹದಿನೈದು ಪರ್ಸೆಂಟ್ ಖಾಲಿ ಬಿಡಿ, ತುಂಬಿದ್ರೆ ಅದೂ ತಡವರಿಸುತ್ತೆ.

ಬಿಸಿ ಮತ್ತು ಧೂಳು

ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯೂಮಾನಿಟರ್ ಹಾಕಿ ಪ್ರೊಸೆಸರ್ ಎಷ್ಟು ಬಿಸಿ ಇದೆ ನೋಡಿ. ಸುಮ್ನಿದ್ದಾಗ 35ರಿಂದ 50 ಡಿಗ್ರಿ, ಕೆಲಸ ಮಾಡುವಾಗ 80ರ ಆಸುಪಾಸು ಪರವಾಗಿಲ್ಲ. 100ರ ಹತ್ರ ಹೋದ್ರೆ ಪ್ರೊಸೆಸರ್ ತಾನೇ ವೇಗ ಇಳಿಸ್ಕೊಳ್ಳುತ್ತೆ, ಅದಕ್ಕೂ ಬಗ್ಗದಿದ್ರೆ ಆರೇ ಹೋಗುತ್ತೆ.

ಕ್ಲೀನ್ ಮಾಡೋಕೆ ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಒಳಗೆ ಉಳಿದ ಕರೆಂಟ್ ಖಾಲಿ ಮಾಡಿ, ಪಕ್ಕದ ಮುಚ್ಚಳ ತೆಗೀರಿ. ಒಣಗಿದ ಹೊಸ ಪೇಂಟ್ ಬ್ರಷ್ ಸಾಕು, ಬ್ಲೋವರ್ ಇದ್ರೆ ಇನ್ನೂ ಒಳ್ಳೇದು, ಆದ್ರೆ ಗಾಳಿ ಹೊಡೆಯುವಾಗ ಫ್ಯಾನನ್ನ ಬೆರಳಿಂದ ಹಿಡ್ಕೊಳ್ಳಿ, ಅದು ಸಿಕ್ಕಾಪಟ್ಟೆ ತಿರುಗಿದ್ರೆ ಬೇರಿಂಗ್ ಹಾಳಾಗುತ್ತೆ. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಮಧ್ಯೆ ಹತ್ತಿ ಹಾಸಿಗೆ ಹಾಗೆ ಧೂಳು ಕೂತಿರುತ್ತೆ, ಅದೇ ಮುಖ್ಯ. ಅಡುಗೆಮನೆ ಪಕ್ಕ ಇಟ್ಟಿರೋ ಸಿಸ್ಟಮಲ್ಲಿ ಒಗ್ಗರಣೆ ಹೊಗೆಯ ಜಿಡ್ಡು ಸೇರ್ಕೊಂಡು ಧೂಳು ಅಂಟಾಗಿರುತ್ತೆ, ಬ್ರಷ್ಷಿಗೆ ಬಗ್ಗಲ್ಲ, ಅಂಥದ್ದನ್ನ ಅಂಗಡೀಲೇ ಬಿಚ್ಚಿಸಿ ಪ್ರೊಸೆಸರ್ ಬಿಸಿಯನ್ನ ರೆಕ್ಕೆಗಳಿಗೆ ದಾಟಿಸೋ ಥರ್ಮಲ್ ಪೇಸ್ಟ್ ಹೊಸದು ಹಾಕ್ಸಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ಮನೇಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಲ್ಲಿ ಶಾಕ್ ಹೊಡೆಯೋಷ್ಟು ಕರೆಂಟ್ ಉಳಿದಿರುತ್ತೆ. ಲ್ಯಾಪ್‌ಟಾಪ್ ಇರೋರು ಹಾಸಿಗೆ, ದಿಂಬಿನ ಮೇಲೆ ಇಟ್ಕೊಂಡು ನೋಡೋದು ಬಿಡಿ, ಕೆಳಗಿನ ಗಾಳಿ ಕಿಂಡಿ ಮುಚ್ಚಿ ಹೋಗುತ್ತೆ.

ರ‍್ಯಾಮ್

ಮುಚ್ಚಳ ತೆಗ್ದಿದ್ದೀರಲ್ಲ, ರ‍್ಯಾಮನ್ನೂ ನೋಡ್ಬಿಡಿ. ಮೊದಲು ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಕಳ್ಕೊಳ್ಳಿ. ಎರಡೂ ತುದಿಯ ಕ್ಲಿಪ್ ಒತ್ತಿದ್ರೆ ಪಟ್ಟಿ ಮೇಲೆ ಬರುತ್ತೆ, ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿ, ರಬ್ಬರ್ ಪುಡಿ ಪೂರ್ತಿ ಒರೆಸಿ, ಕ್ಲಿಪ್ ಟಕ್ ಅನ್ನೋವರೆಗೂ ಒತ್ತಿ ಕೂರ್ಸಿ. ಮಲೆನಾಡು, ಕರಾವಳಿ ಕಡೆ ಮಳೆಗಾಲದ ತೇವಕ್ಕೆ ಹಲ್ಲಿನ ಮೇಲೆ ಪೊರೆ ಕಟ್ಟಿರುತ್ತೆ, ಇಷ್ಟಕ್ಕೇ ಸರಿ ಹೋದ ಸಿಸ್ಟಮ್‌ಗಳನ್ನ ನೋಡಿದೀನಿ. ಎರಡು ಪಟ್ಟಿ ಇದ್ರೆ ಒಂದೊಂದೇ ಹಾಕಿ ಎರಡೆರಡು ದಿನ ಓಡ್ಸಿ, ಯಾವುದು ಇದ್ದಾಗ ಹ್ಯಾಂಗ್ ಆಗುತ್ತೋ ಅದು ಕೆಟ್ಟಿದ್ದು.

ಬಿಚ್ಚೋಕೆ ಇಷ್ಟ ಇಲ್ದಿದ್ರೆ ಸ್ಟಾರ್ಟಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಹುಡುಕಿ ಓಡ್ಸಿ, ರೀಸ್ಟಾರ್ಟ್ ಆಗಿ ತಾನೇ ಪರೀಕ್ಷೆ ಮಾಡುತ್ತೆ. ಇದರಲ್ಲಿ ಪಾಸ್ ಆಯ್ತು ಅಂತ ಪೂರ್ತಿ ನಂಬೋಕಾಗಲ್ಲ, ಗಟ್ಟಿ ಪರೀಕ್ಷೆ ಬೇಕು ಅಂದ್ರೆ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿ ಬಿಟ್ಟು ಮಲಗಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ರೂ ಅದನ್ನ ಬಿಡಬೇಡಿ.

ರ‍್ಯಾಮ್ ಸಾಲ್ದೇ ಇರೋದು ಬೇರೆ ವಿಷಯ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಕಾಗದದ ಮೇಲಿದೆ, ನನ್ನ ಪ್ರಕಾರ 8 ಇಲ್ದೆ ನೆಮ್ಮದಿ ಇಲ್ಲ. ರ‍್ಯಾಮ್ ತುಂಬಿದ್ರೆ ವಿಂಡೋಸ್ ಮಿಕ್ಕಿದ್ದನ್ನ ಡಿಸ್ಕಿಗೆ ಸಾಗಿಸುತ್ತೆ, ಡಿಸ್ಕ್ ತಿರುಗೋ ಜಾತಿದಾದ್ರೆ ಮತ್ತೆ ಅದೇ ಕಥೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು ಅಂತ ಎಷ್ಟೋ ಜನ 4 ಜಿಬಿಯ ಹಳೇ ಸಿಸ್ಟಮ್‌ಗೆ ಹೇಗೋ 11 ಹಾಕಿಸ್ಕೊಂಡು ಈಗ ಹ್ಯಾಂಗ್ ಅಂತಿದ್ದಾರೆ, ಅಂಥವರು ರ‍್ಯಾಮ್, ಎಸ್‌ಎಸ್‌ಡಿ ಹಾಕಿಸ್ದೆ ಬೇರೆ ಏನ್ ಮಾಡಿದ್ರೂ ಪ್ರಯೋಜನ ಇಲ್ಲ.

ಸಾಫ್ಟ್‌ವೇರ್ ಕಡೆ

ಟಾಸ್ಕ್ ಮ್ಯಾನೇಜರಲ್ಲಿ ಸ್ಟಾರ್ಟಪ್ ಅಂತ ಇದೆ, ಆನ್ ಆದ ತಕ್ಷಣ ತಾವಾಗೇ ಏಳೋ ಪ್ರೋಗ್ರಾಂಗಳ ಪಟ್ಟಿ ಅದು. ಗೊತ್ತಿದ್ದು ಬೇಡ ಅನಿಸಿದ್ದನ್ನ ಡಿಸೇಬಲ್ ಮಾಡಿ, ಗೊತ್ತಿಲ್ಲದ್ದನ್ನ ಹೆಸರು ಹುಡುಕಿ ನೋಡಿ ಆಮೇಲೆ ಮಾಡಿ. ಎರಡು ಆಂಟಿವೈರಸ್ ಒಟ್ಟಿಗೆ ಇಡಬೇಡಿ, ಒಂದೇ ಫೈಲನ್ನ ಎರಡೂ ಹಿಡ್ಕೊಂಡು ಜಗ್ಗಾಡುತ್ತೆ. ಹೆಸರೇ ಗೊತ್ತಿಲ್ಲದ ಯಾವುದೋ ಒಂದು ಸಿಪಿಯುನ 100 ಪರ್ಸೆಂಟ್ ತಿಂತಿದ್ರೆ, ಅದರಲ್ಲೂ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ ಮೇಲೆ ಅಂದ್ರೆ, ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡ್ಸಿ, ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತಗೊಳ್ಳುತ್ತೆ.

ಡ್ರೈವರ್ ಅನುಮಾನ ಇದ್ರೆ ಸೇಫ್ ಮೋಡ್ ಒಳ್ಳೇ ಪರೀಕ್ಷೆ. ಶಿಫ್ಟ್ ಹಿಡ್ಕೊಂಡು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4. ಅಲ್ಲಿ ಗಂಟೆಗಟ್ಲೆ ಇದ್ರೂ ಹ್ಯಾಂಗ್ ಆಗ್ಲಿಲ್ಲ ಅಂದ್ರೆ ಬಹುಮಟ್ಟಿಗೆ ಡ್ರೈವರ್ ಅಥವಾ ಯಾವುದೋ ಪ್ರೋಗ್ರಾಂ ಕಾರಣ, ಅಲ್ಲೂ ನಿಂತ್ರೆ ಹಾರ್ಡ್‌ವೇರ್ ಕಡೆ ತಿರುಗಿ. ಡಿವೈಸ್ ಮ್ಯಾನೇಜರಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆಗ್ದು ಪ್ರಾಪರ್ಟೀಸಲ್ಲಿ ರೋಲ್ ಬ್ಯಾಕ್ ಡ್ರೈವರ್ ಕೊಟ್ರೆ ಹಿಂದಿನ ಡ್ರೈವರಿಗೆ ಹೋಗುತ್ತೆ. ಯಾವ ದಿನದಿಂದ ಶುರುವಾಯ್ತು ಅಂತ ಡೈರೀಲಿ ಇದ್ರೆ ಸಿಸ್ಟಮ್ ರಿಸ್ಟೋರಲ್ಲಿ ಅದರ ಹಿಂದಿನ ದಿನಕ್ಕೆ ಹೋಗ್ಬಹುದು, ನಿಮ್ಮ ಫೋಟೋ, ಫೈಲಿಗೆ ಅದು ಕೈ ಹಾಕಲ್ಲ.

ರಾತ್ರಿ ಶಟ್‌ಡೌನ್ ಮಾಡಿದ್ರೆ ಪೂರ್ತಿ ಆಫ್ ಆಯ್ತು ಅಂತ ಎಲ್ಲರೂ ತಿಳ್ಕೊಂಡಿರ್ತಾರೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ವಿಂಡೋಸ್ ತನ್ನ ಒಂದು ಭಾಗವನ್ನ ಡಿಸ್ಕಲ್ಲಿ ಹಾಗೇ ಎತ್ತಿಟ್ಟು ಬೆಳಿಗ್ಗೆ ಅದನ್ನೇ ವಾಪಸ್ ತರುತ್ತೆ, ನಿನ್ನೆ ಸಿಕ್ಕಾಕ್ಕೊಂಡಿದ್ದ ಡ್ರೈವರೂ ಜೊತೇಲೇ ಬರುತ್ತೆ. ರೀಸ್ಟಾರ್ಟ್ ಕೊಟ್ರೆ ಮಾತ್ರ ಎಲ್ಲಾ ಹೊಸದಾಗಿ ಶುರುವಾಗೋದು.

ಅಂಗಡಿಗೆ ಹೋಗ್ಲೇಬೇಕಾದಾಗ

ಮದರ್‌ಬೋರ್ಡ್ ಮೇಲಿನ ಪುಟ್ಟ ಉರುಳೆ ಕೆಪಾಸಿಟರ್‌ಗಳ ತಲೆ ಉಬ್ಬಿದ್ರೆ, ಸುಟ್ಟ ವಾಸನೆ ಬಂದ್ರೆ, ರ‍್ಯಾಮ್ ಡಿಸ್ಕ್ ಎರಡೂ ಚೆನ್ನಾಗಿದ್ದು ಬಿಸಿನೂ ಇಲ್ದೆ ಹ್ಯಾಂಗ್ ಆಗ್ತಾನೇ ಇದ್ರೆ ಮನೇಲಿ ಮಾಡೋದು ಮುಗೀತು, ಬೇರೆ ಎಸ್‌ಎಂಪಿಎಸ್ ಹಾಕಿ ನೋಡೋದು ಅಂಗಡಿ ಕೆಲಸ. ಹೋಗುವಾಗ ಡೈರಿ, ಟಾಸ್ಕ್ ಮ್ಯಾನೇಜರ್ ಫೋಟೋ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಫೋಟೋ ತಗೊಂಡು ಹೋಗಿ ತೋರ್ಸಿ. ಒಳ್ಳೇ ಸರ್ವಿಸ್‌ನವರಿಗೆ ಅದನ್ನ ನೋಡಿದ್ರೇ ಅರ್ಧ ಕೆಲಸ ಆಗುತ್ತೆ. "ನನ್ನ ಕೇಳ್ದೆ ಫಾರ್ಮ್ಯಾಟ್ ಮಾಡ್ಬೇಡಿ ಸರ್" ಅಂತ ಬಾಯಲ್ಲೂ ಹೇಳಿ, ರಸೀದಿ ಮೇಲೂ ಬರೆಸಿ. ಡಿಸ್ಕ್ ಬದಲಾಯಿಸಿದ್ರೆ ಹಳೇದನ್ನ ವಾಪಸ್ ಕೇಳಿ ತಗೊಳ್ಳಿ.

ಅಕಸ್ಮಾತ್ ಫಾರ್ಮ್ಯಾಟ್ ಆಗೇ ಹೋಗಿದ್ರೆ ಆ ಡಿಸ್ಕನ್ನ ಅಲ್ಲಿಗೇ ನಿಲ್ಸಿ, ಅದರ ಮೇಲೆ ಹೊಸದೇನೂ ಬರೆಸ್ಬೇಡಿ. ತಿರುಗೋ ಡಿಸ್ಕಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗಿದ್ರೆ ಹಳೇ ಫೋಟೋಗಳು ಮೇಲೆ ಬೇರೇದು ಕೂರೋವರೆಗೂ ಒಳಗೇ ಇರುತ್ವೆ, ಡಿಸ್ಕನ್ನ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಫೋಟೋರೆಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಓಡ್ಸಿದ್ರೆ ತಕ್ಕಮಟ್ಟಿಗೆ ಸಿಗುತ್ತೆ, ಸಿಕ್ಕಿದ್ದನ್ನ ಅದೇ ಡಿಸ್ಕಿಗೆ ಸೇವ್ ಮಾಡ್ಬೇಡಿ. ಚಿಕ್ಕಮ್ಮನ ಡಿಸ್ಕಿಗೆ ನಾನು ಹಾಗೇ ಮಾಡಿದ್ದು, ಅಷ್ಟೊತ್ತಿಗೆ ಅದರ ಮೇಲೆ ಒಂದು ವಾರ ಕೆಲಸ ಆಗಿತ್ತು, ಕೆಟ್ಟ ಜಾಗಗಳೂ ಹೆಚ್ಚಾಗಿದ್ವು, ಎರಡು ರಾತ್ರಿ ಓಡ್ತು. ಫೈಲ್ ಹೆಸರೆಲ್ಲ ಹೋಗಿ ಬರೀ ಅಂಕಿಗಳಾಗಿ ಸಾವಿರಾರು ಚಿತ್ರ ಬಂದ್ವು, ಚಿಕ್ಕಮ್ಮ ಪಕ್ಕದಲ್ಲಿ ಕೂತ್ಕೊಂಡು ಒಂದೊಂದೇ ನೋಡಿದ್ರು, ತಾತ ಜಗುಲಿ ಮೇಲೆ ಪೇಪರ್ ಓದ್ತಿರೋದು ಮೂರು ಸಿಕ್ತು.